ಗಾಡಿ ಹೇಗೆ ನಿಂತಿತು?

ಓಡುತ್ತಿದ್ದ ಮೋಟಾರು ವಾಹನವು ಹಾದಿಯ ನಡುವೆ ಇದ್ದಕ್ಕಿದ್ದಂತೆ ನಿಂತುಹೋಗಿ, ಎಷ್ಟು ಬಾರಿ ಕೀಲಿ ತಿರುಗಿಸಿದರೂ ಮತ್ತೆ ಹೊರಡಲೊಲ್ಲದೆ ಇರುವುದು, ವಾಹನವನ್ನು ಇಟ್ಟುಕೊಂಡವರಿಗೆಲ್ಲ ಎಂದಾದರೊಂದು ದಿನ ಒದಗುವ ಅನುಭವ. ಮನೆಯ ಮುಂದೆಯೇ ಹೀಗಾದರೆ ಅದು ಬರಿಯ ಬೇಸರದ ಸಂಗತಿ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಸುಮಾರು 100 ಕಿಲೋಮೀಟರ್ ಹಾದಿಯಲ್ಲಿ, ತಳುಕನ್ನು ದಾಟಿದ ಮೇಲೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹೀಗಾದರೆ ಅದರ ಅರ್ಥವೇ ಬೇರೆ. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತಿರುತ್ತದೆ. ನೆರಳಿಗೆ ಜಾಲಿಯ ಗಿಡವನ್ನು ಹುಡುಕಬೇಕು. ಗಾಡಿಯೊಳಗೆ ವಯಸ್ಸಾದವರೋ ಮಕ್ಕಳೋ ಇರಬಹುದು. ಆಸ್ಪತ್ರೆಗೆ ಹೊರಟ ರೋಗಿಯೇ ಇರಬಹುದು. ಅಂಥ ಸಮಯದಲ್ಲಿ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಬ್ಯಾಟರಿಯ ಜೀವ ಹೋಗುವವರೆಗೆ ಸೆಲ್ಫ್ ಹೊಡೆಯುತ್ತಲೇ ಇರುವುದು.

ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಶೇಂಗಾ, ಎಣ್ಣೆ, ಹಿಂಡಿ ಇವುಗಳನ್ನು ಹೇರಿಕೊಂಡ ಲಾರಿಗಳು ತಲೆಮಾರುಗಳಿಂದ ಅಲ್ಲಿ ಬಂದುಹೋಗುತ್ತಿವೆ. ಲಾರಿ ಇದ್ದಲ್ಲಿ ರಿಪೇರಿಯ ವಿದ್ಯೆಯೂ ಇರಬೇಕಷ್ಟೆ. ಆ ಕಡೆಯ ಅನುಭವಸ್ಥ ಮೆಕ್ಯಾನಿಕ್ಕುಗಳು ಬಾನೆಟ್ಟಿಗೆ ಕೈ ಹಚ್ಚುವ ಮುನ್ನ ಒಂದು ಪ್ರಶ್ನೆ ಕೇಳುವುದನ್ನು ನಾನು ಗಮನಿಸಿದ್ದೇನೆ: “ಹೆಂಗ್ ನಿಂತ್ಕಂತು ಸ್ವಾಮಿ? ಒಮ್ಮಿಗೇ ನಿಂತ್ಕಂತೋ, ಎಳದಾಡಿ ನಿಂತ್ಕಂತೋ?” ಗಾಡಿ ಏಕೆ ನಿಂತಿತು ಎಂದು ನಾವು ಅವರನ್ನು ಕೇಳುತ್ತಿರುತ್ತೇವೆ, ಹೇಗೆ ನಿಂತಿತು ಎಂದು ಅವರು ನಮ್ಮನ್ನು ಕೇಳುತ್ತಾರೆ. ಈ ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಮೊದಲನೆಯ ಪ್ರಶ್ನೆಯ ಮುಕ್ಕಾಲು ಪಾಲು ಬಿಡಿಸಿದಂತೆಯೇ. ಇಂದು ನಾನು ಹೇಳಬೇಕೆಂದಿರುವ ಮಾತಿನ ತಿರುಳು ಇಷ್ಟೇ.

ಮೊದಲು ಎಂಜಿನ್ನಿಗೆ ಏನೇನು ಬೇಕು ಎಂಬುದನ್ನು ನೋಡೋಣ. ಪೆಟ್ರೋಲ್ ಎಂಜಿನ್ನಿಗೆ ಬೇಕಾದವು ನಾಲ್ಕು: ಗಾಳಿ, ಇಂಧನ, ಒತ್ತಡ ಮತ್ತು ಕಿಡಿ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 15 ಭಾಗ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲು ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿ ಬೇಕೆಂದು ಹೇಳಿದರೆ, ನಮ್ಮ ಬಯಲುಸೀಮೆಯ ಧೂಳಿನಲ್ಲಿ ಓಡುವ ವಾಹನದ ಗಾಳಿಯ ಫಿಲ್ಟರಿಗೆ ಎಂಥ ಹೊಣೆಯಿದೆಯೆಂಬುದು ಮನಸ್ಸಿಗೆ ಬರುತ್ತದೆ. ಈ ಮಿಶ್ರಣವನ್ನು ಸಿಲಿಂಡರಿನೊಳಗೆ ಪಿಸ್ಟನ್ನು ಒತ್ತುತ್ತದೆ. ಒತ್ತಿದ ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ತಕ್ಕ ಗಳಿಗೆಯಲ್ಲಿ ಬೆಂಕಿ ಹಚ್ಚುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಹಾರಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಗೊಡವೆಯಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನೇ ಕಾಯುತ್ತದೆ. ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ 1893ರಲ್ಲಿ ಹಕ್ಕುಪತ್ರ ಪಡೆದು 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಸೂತ್ರ ಇದೇ. ಚಾಲೂ ಇದ್ದ ಎಂಜಿನ್ ನಿಂತಿತೆಂದರೆ ಈ ನಾಲ್ಕರಲ್ಲಿ, ಡೀಸೆಲಾದರೆ ಮೂರರಲ್ಲಿ, ಯಾವುದೋ ಒಂದು ಅದಕ್ಕೆ ತಪ್ಪಿಹೋಗಿದೆ ಎಂದರ್ಥ. ಒಂದೇ ಗಳಿಗೆಯಲ್ಲಿ ಎರಡು ತಪ್ಪಿಹೋಗುವುದು ಬಹಳ ಅಪರೂಪ. ಆದಕಾರಣ ನಾವು ಹುಡುಕಬೇಕಾದದ್ದು ಒಂದನ್ನೇ.

ಆದರೆ ಹುಡುಕುವುದಕ್ಕೆ ಮುಂಚೆ ಗಾಡಿಯನ್ನೂ ಒಳಗಿರುವವರನ್ನೂ ಅಪಾಯದಿಂದ ಪಾರು ಮಾಡಬೇಕು. ಎಂಜಿನ್ ನಿಂತ ಕೂಡಲೆ ಗಾಡಿ ನಿಲ್ಲುವುದಿಲ್ಲ. ಅದಕ್ಕೆ ಓಟದ ಬಲ ಇನ್ನೂ ಉಳಿದಿರುತ್ತದೆ. 2023ರ ಏಪ್ರಿಲ್ 2ರಂದು ಇದೇ ಚಳ್ಳಕೆರೆ ತಾಲ್ಲೂಕಿನ ಏರೊನಾಟಿಕಲ್ ಟೆಸ್ಟ್ ರೇಂಜಿನಲ್ಲಿ ಇಸ್ರೊ ಸಂಸ್ಥೆಯವರು ಒಂದು ಪ್ರಯೋಗ ನಡೆಸಿದರು. ಮರುಬಳಕೆಯ ಉಡಾವಣಾ ವಾಹನದ ಮಾದರಿಯೊಂದನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಕಳಚಿಬಿಟ್ಟರು. ಎಂಜಿನ್ನಿನ ಬಲವಿಲ್ಲದೆ, ಇದ್ದ ಎತ್ತರವನ್ನೂ ವೇಗವನ್ನೂ ಲೆಕ್ಕವಿಟ್ಟು ವ್ಯಯಿಸುತ್ತ ಅದು ತಾನಾಗಿಯೇ ಓಡುದಾರಿಗೆ ಬಂದಿಳಿಯಿತು. ನಮ್ಮ ಕಾರು ಅಷ್ಟು ಜಾಣನಲ್ಲದಿರಬಹುದು. ನೀತಿ ಮಾತ್ರ ಅದೇ. ಉಳಿದಿರುವ ಓಟವನ್ನು ಕೀಲಿ ತಿರುಗಿಸುವ ಗಾಬರಿಯಲ್ಲಿ ಕಳೆಯದೆ, ಕ್ಲಚ್ ಒತ್ತಿ, ಎಡಗಡೆಯ ಸಿಗ್ನಲ್ ಹಾಕಿ, ರಸ್ತೆಯ ಅಂಚನ್ನು ಸೇರುವುದಕ್ಕೆ ಬಳಸಬೇಕು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಎಂಜಿನ್ ನಿಂತಾಗ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯುತ್ತದೆ, ಆದರೆ ಕೆಟ್ಟಿರುವುದಿಲ್ಲ. ಬಲ ಹಾಕಿದರೆ ತಿರುಗುತ್ತದೆ. ಬ್ರೇಕಿಗೆ ನೆರವಾಗುವ ನಿರ್ವಾತ ಒಂದೆರಡು ಬಾರಿ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಹಾಗಾಗಿ ಬ್ರೇಕನ್ನು ಪದೇ ಪದೇ ತುಳಿದು ಬಿಡದೆ ಒಂದೇ ಸಮನೆ ಒತ್ತಿ ಹಿಡಿಯಬೇಕು. ಗಾಡಿ ಚಲಿಸುತ್ತಿರುವಾಗ ಕೀಲಿಯನ್ನು ಹೊರಗೆ ಎಳೆಯಲೇಬಾರದು. ಎಳೆದರೆ ಸ್ಟಿಯರಿಂಗಿಗೆ ಬೀಗ ಬೀಳಬಹುದು.

ಗಾಡಿ ಅಂಚಿಗೆ ಬಂದ ಮೇಲೆ ನಾಲ್ಕೂ ಸಿಗ್ನಲ್ ದೀಪಗಳನ್ನು ಮಿನುಗಿಸಿ, ಒಳಗಿರುವವರನ್ನು ಇಳಿಸಿ, ರಸ್ತೆಯಿಂದ ದೂರ ನಿಲ್ಲಿಸಬೇಕು. ಎಚ್ಚರಿಕೆಯ ತ್ರಿಕೋನವನ್ನು ಗಾಡಿಯ ಹಿಂದೆ ಎಷ್ಟು ದೂರದಲ್ಲಿಡಬೇಕು? ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. 50 ಮೀಟರ್ ದೂರದಲ್ಲಿಟ್ಟರೆ ಹಿಂದಿನಿಂದ ಬರುವವನಿಗೆ ಸಿಗುವುದು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ. ಹೆದ್ದಾರಿಯಲ್ಲಿ, ಅದರಲ್ಲಿಯೂ ರಾತ್ರಿ ಹೊತ್ತು, 100 ಮೀಟರ್ ದೂರವೂ ಹೆಚ್ಚೆನ್ನುವಂತಿಲ್ಲ. ವಾಹನವನ್ನು ಇತರರಿಗೆ ಅಪಾಯವಾಗುವಂತೆ ರಸ್ತೆಯಲ್ಲಿ ನಿಲ್ಲಿಸಿ ಹೋಗಬಾರದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 122ನೆಯ ಪ್ರಕರಣ ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಎಂಬ ಸಂಖ್ಯೆಗೆ ಫೋನು ಮಾಡಿ ನೆರವು ಕೇಳಬಹುದು. ರೋಗಿ ಇದ್ದರೆ ಗಾಡಿಯ ಯೋಚನೆಯನ್ನು ಬಿಟ್ಟು ಮೊದಲು 108ಕ್ಕೆ ಕರೆ ಹೋಗಬೇಕು.

ಇಷ್ಟನ್ನು ಮಾಡಿದ ಮೇಲೆ ಒಂದು ನಿಮಿಷ ಸುಮ್ಮನೆ ನಿಂತು, ಮೆಕ್ಯಾನಿಕ್ಕಿನ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ಹೇಗೆ ನಿಂತಿತು? ಉತ್ತರ ಸಾಮಾನ್ಯವಾಗಿ ಮೂರು ಬಗೆಯದು. ದೀಪ ಆರಿದಂತೆ, ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಗೇ ನಿಂತಿದ್ದರೆ ಅನುಮಾನ ಹೋಗಬೇಕಾದದ್ದು ವಿದ್ಯುತ್ತಿನ ಕಡೆಗೆ. ಕಿಡಿ ಇಲ್ಲವಾದರೆ ಎಂಜಿನ್ನಿಗೆ ಮುಂದಿನ ಸುತ್ತೂ ಇಲ್ಲ. ಗಾಡಿ ಬಲ ಕುಂದಿ, ಎಳೆದಾಡಿ, ಕೆಮ್ಮಿ, ಒಂದಷ್ಟು ದೂರ ಚೇತರಿಸಿಕೊಂಡಂತೆ ಮಾಡಿ ಬಳಿಕ ನಿಂತಿದ್ದರೆ ಅದು ಇಂಧನದ ಕೊರತೆಯ ಲಕ್ಷಣ. ಕೊಳವೆಯಲ್ಲಿದ್ದ ಪೆಟ್ರೋಲು ತೀರುತ್ತ ಬಂದಂತೆ ಉಸಿರೂ ತೀರುತ್ತದೆ. ಮೂರನೆಯದು ಸದ್ದಿನೊಡನೆಯೋ, ಹಬೆಯೊಡನೆಯೋ, ಸುಟ್ಟ ವಾಸನೆಯೊಡನೆಯೋ ನಿಲ್ಲುವುದು. ಅದು ಯಂತ್ರದ ಒಳಗಿನ ಪೆಟ್ಟು. ಅಲ್ಲಿ ನಾವು ಕೈಯಾಡಿಸಲಾಗದು. ನೆನಪಿಡಬೇಕಾದದ್ದೆಂದರೆ, ಗಾಡಿ ನಿಂತ ಬಗೆ ಒಮ್ಮೆ ಮಾತ್ರ ಕಾಣಸಿಗುವ ಸಾಕ್ಷ್ಯ. ಹತ್ತು ನಿಮಿಷ ಸೆಲ್ಫ್ ಹೊಡೆದು, ಎರಡು ವೈರು ಕಿತ್ತು, ಮೂರು ಜನರ ಸಲಹೆ ಕೇಳಿದ ಮೇಲೆ ಆ ನೆನಪು ಕಲಸಿಹೋಗುತ್ತದೆ.

ಈಗ ಕೀಲಿಯನ್ನು ಒಂದೇ ಒಂದು ಬಾರಿ ತಿರುಗಿಸಿ, ಕಿವಿಗೊಟ್ಟು ಕೇಳಬೇಕು. ಸೆಲ್ಫ್ ಮೋಟಾರು ಎಂಜಿನ್ನನ್ನು ತಿರುಗಿಸುತ್ತಿದೆಯೆ, ಇಲ್ಲವೆ? ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದಿತು. ಅದಕ್ಕೆ ಮೊದಲು, ನಮ್ಮಲ್ಲಿಯಾದರೆ ಅದರ ನಂತರವೂ ಎಷ್ಟೋ ಕಾಲ, ಗಾಡಿಯ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಾಗಿತ್ತು. ಆ ತೋಳಿನ ಕೆಲಸವನ್ನು ಈ ಪುಟ್ಟ ಮೋಟಾರು ಮಾಡುವುದರಿಂದ ಅದು ಕುಡಿಯುವ ವಿದ್ಯುತ್ತು ಅಲ್ಪವಲ್ಲ. ಕಾರಿನಲ್ಲಿಯೇ 100 ಆಂಪಿಯರಿಗೂ ಹೆಚ್ಚು. ಹಾಗಾಗಿ ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

ಸೆಲ್ಫ್ ತಿರುಗದೆ ಬರಿಯ ಟಿಕ್ ಟಿಕ್ ಸದ್ದು ಬಂದರೆ ಮುಂದಿನ ದೀಪವನ್ನು ಹಾಕಿ ನೋಡಬೇಕು. ದೀಪ ಮಂಕಾಗಿದ್ದರೆ, ಅಥವಾ ಕೀಲಿ ತಿರುಗಿಸಿದೊಡನೆ ಆರಿಹೋದರೆ, ದೋಷ ಬ್ಯಾಟರಿಯಲ್ಲಿ ಅಥವಾ ಅದರ ಟರ್ಮಿನಲ್ಲುಗಳಲ್ಲಿ ಇದೆ. ಹಸಿರು ಬಿಳುಪಿನ ಕಿಲುಬು ಕಟ್ಟಿದ, ಸಡಿಲವಾದ ಟರ್ಮಿನಲ್ಲೊಂದನ್ನು ಉಜ್ಜಿ ಬಿಗಿಮಾಡಿದ್ದರಿಂದಲೇ ಎಷ್ಟೋ ಗಾಡಿಗಳು ಹೊರಟಿವೆ. ಓಡುತ್ತಿದ್ದ ಗಾಡಿಯೇ ನಿಂತು ಬ್ಯಾಟರಿ ಬರಿದಾಗಿದ್ದರೆ, ಬ್ಯಾಟರಿಯನ್ನು ದೂರುವ ಮೊದಲು ಅದಕ್ಕೆ ವಿದ್ಯುತ್ತು ತುಂಬುವ ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ನೋಡಬೇಕು. ಬೇರೆ ಗಾಡಿಯ ಬ್ಯಾಟರಿಯಿಂದ ತಂತಿ ಎಳೆದು ಹೊರಡಿಸಿಕೊಂಡರೂ ಆಲ್ಟರ್ನೇಟರು ಸತ್ತಿದ್ದರೆ ಹೆಚ್ಚು ದೂರ ಹೋಗಲಾಗದು.

ಸೆಲ್ಫ್ ಎಂದಿನಂತೆ ತಿರುಗಿಯೂ ಎಂಜಿನ್ ಹೊತ್ತದಿದ್ದರೆ ಬ್ಯಾಟರಿ ನಿರಪರಾಧಿ. ಆಗ ಇಂಧನವೋ ಕಿಡಿಯೋ ಎಂಬ ವಿಚಾರಣೆ.

ಇಂಧನದ ವಿಷಯದಲ್ಲಿ ಬಿಸಿಲುಸೀಮೆಗೆ ಒಂದು ಹಳೆಯ ಕಥೆಯಿದೆ. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ, ಬೇಸಗೆಯ ಮಧ್ಯಾಹ್ನ ರಸ್ತೆಯ ಬದಿಗೆ ಬಾನೆಟ್ ಎತ್ತಿ ನಿಂತ ಕಾರು, ಪೆಟ್ರೋಲ್ ಪಂಪಿನ ಮೇಲೆ ಹಾಸಿದ ಒದ್ದೆ ಬಟ್ಟೆ, ಇವು ಎಲ್ಲರೂ ಕಂಡ ನೋಟ. ಇದು ಮೂಢನಂಬಿಕೆಯಲ್ಲ. ಪೆಟ್ರೋಲಿನಲ್ಲಿರುವ ಹಗುರವಾದ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಆ ಕಾರುಗಳ ಪಂಪು ಕಾದ ಎಂಜಿನ್ನಿಗೆ ಅಂಟಿಕೊಂಡು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಎಳೆಯುವಾಗ ಕೊಳವೆಯಲ್ಲಿ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದರೆ ದ್ರವ ಇನ್ನೂ ಬೇಗ ಕುದಿಯುತ್ತದೆ. ಕೊಳವೆಯ ತುಂಬ ಆವಿ ಸೇರಿ, ದ್ರವವನ್ನು ದೂಡಬೇಕಾದ ಪಂಪು ಆವಿಯನ್ನು ಹಿಂಡುತ್ತ ಕೂರುತ್ತಿತ್ತು. ಒದ್ದೆ ಬಟ್ಟೆಯ ನೀರು ಆರುವಾಗ ಪಂಪಿನ ಕಾವನ್ನು ಕೊಂಡೊಯ್ಯುತ್ತದೆ. ಆವಿ ಮತ್ತೆ ದ್ರವವಾಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಕುಳಿತು ಪೆಟ್ರೋಲನ್ನು ಒತ್ತಡದಿಂದ ಮುಂದಕ್ಕೆ ತಳ್ಳುತ್ತದೆ. ಎಳೆಯುವುದನ್ನು ಬಿಟ್ಟು ತಳ್ಳುವುದಕ್ಕೆ ತೊಡಗಿದ್ದರಿಂದ ಈ ಆವಿಯ ಕಾಟ ಬಹುಮಟ್ಟಿಗೆ ಮಾಯವಾಯಿತು.

ಹೊಸ ಪಂಪಿಗೂ ಅದರದೇ ದೌರ್ಬಲ್ಯವುಂಟು. ಅದನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ. ಟ್ಯಾಂಕನ್ನು ಸದಾ ತಳಮುಟ್ಟಿಸಿ ಓಡಿಸುವವರ ಪಂಪು ಬೇಗ ಸೊರಗುತ್ತದೆ. ಕೀಲಿಯನ್ನು ಸೆಲ್ಫ್ ಹೊಡೆಯದೆ ಬರಿಯ ಆನ್ ಮಾಡಿದರೆ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡು ಗುಂಯ್ ಎಂಬ ಸಣ್ಣ ಸದ್ದು ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಕೇಳಿಸುತ್ತದೆ. ಆ ಸದ್ದು ಇಲ್ಲದಿದ್ದರೆ ಪಂಪಿನ ಫ್ಯೂಸನ್ನು ಮೊದಲು ನೋಡಬೇಕು. ಟ್ಯಾಂಕಿನ ಮುಚ್ಚಳ ತೆಗೆದಾಗ ಬುಸ್ ಎಂದು ಗಾಳಿ ಒಳಕ್ಕೆ ಎಳೆದುಕೊಂಡು, ಆಮೇಲೆ ಗಾಡಿ ಹೊರಟರೆ, ಗಾಳಿ ಹೋಗಿಬರುವ ಕಿಂಡಿ ಕಟ್ಟಿಕೊಂಡಿದೆಯೆಂದು ತಿಳಿಯಬೇಕು. ಹಾಗೆಯೇ ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೆ ಎಂಬುದನ್ನೂ ಮೀಟರಿನ ಮುಳ್ಳನ್ನು ನಂಬದೆ ನೋಡಿಕೊಳ್ಳುವುದು ಮೇಲು.

ಡೀಸೆಲ್ ಲಾರಿಯದು ಬೇರೆ ಬಗೆ. ಟ್ಯಾಂಕು ಬರಿದಾಗಿ ಅಥವಾ ಕೊಳವೆಯ ಜೋಡಣೆ ಸಡಿಲಗೊಂಡು ಒಳಗೆ ಗಾಳಿ ಹೊಕ್ಕರೆ, ಮತ್ತೆ ಡೀಸೆಲ್ ತುಂಬಿಸಿದರೂ ಗಾಡಿ ಹೊರಡುವುದಿಲ್ಲ. ಡೀಸೆಲನ್ನು ಒತ್ತಿದರೆ ಅದು ಹೆಚ್ಚು ಕುಗ್ಗುವುದಿಲ್ಲವಾದ್ದರಿಂದ ಪಂಪಿನ ಒತ್ತಡ ನಾಜಲಿಗೆ ಮುಟ್ಟುತ್ತದೆ. ಗಾಳಿ ಕುಗ್ಗುತ್ತದೆ, ಆದ್ದರಿಂದ ಒತ್ತಡವನ್ನು ತಾನೇ ನುಂಗಿಬಿಡುತ್ತದೆ. ಇದೇ ಏರ್ ಲಾಕ್. ಹಳೆಯ ಲಾರಿಗಳಲ್ಲಿ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತ, ನೊರೆ ಹೋಗಿ ನೊರೆಯಿಲ್ಲದ ಡೀಸೆಲ್ ಬರುವವರೆಗೆ ಕಾದು, ಸ್ಕ್ರೂ ಬಿಗಿದರೆ ಆಯಿತು; ಕ್ಲೀನರ್ ಹುಡುಗರೂ ಬಲ್ಲ ಕೆಲಸ. ಆದರೆ ಈಚಿನ ಕಾಮನ್ ರೈಲ್ ಎಂಜಿನ್ನುಗಳ ಪಂಪಿನಿಂದ ಮುಂದಿನ ಕೊಳವೆಗಳಲ್ಲಿ ಒತ್ತಡ ವಾತಾವರಣದ 1,000 ಪಟ್ಟನ್ನೂ ಮೀರುತ್ತದೆ. ಅವುಗಳ ನಟ್ಟನ್ನು ಸಡಿಲಿಸಿದರೆ ಚಿಮ್ಮುವ ಡೀಸೆಲು ಚರ್ಮವನ್ನು ಸೀಳಿ ಒಳಹೊಗಬಲ್ಲುದು. ಹಳೆಯ ವಿದ್ಯೆಯನ್ನು ಹೊಸ ಗಾಡಿಯ ಮೇಲೆ ಪ್ರಯೋಗಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಕಿಡಿಯ ವಿಚಾರ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಹಲವು ಸಾವಿರ ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕಳುಹಿಸುತ್ತದೆ. ಹಿಂದೆ ಈ ಕೆಲಸಕ್ಕೆ ಗಳಿಗೆ ನೋಡಿಕೊಡುತ್ತಿದ್ದದ್ದು ಪಾಯಿಂಟು ಎಂಬ ಪುಟ್ಟ ಲೋಹದ ಜೋಡಿ. ಅದರ ಅಂತರ ಅರ್ಧ ಮಿಲಿಮೀಟರಿಗಿಂತಲೂ ಕಡಮೆ. ಅದು ಕರಕಾದರೆ ಗಾಡಿ ನಿಂತಿತು, ಉಜ್ಜಿದರೆ ಹೊರಟಿತು. ಇಂದು ಆ ಗಳಿಗೆಯನ್ನು ಹೇಳುವುದು ಎಂಜಿನ್ನಿನ ದಂಡದ ಬಳಿ ಕುಳಿತ ಒಂದು ಸೆನ್ಸರು. ಅದು ದಂಡ ಎಲ್ಲಿದೆಯೆಂಬ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಸುದ್ದಿ ಬರದಿದ್ದರೆ ಕಂಪ್ಯೂಟರು ಕಿಡಿಯನ್ನೂ ಕೊಡದು, ಪೆಟ್ರೋಲನ್ನೂ ಕೊಡದು. ಹಳೆಯ ಸೆನ್ಸರು ಕಾದಾಗ ಮೂಕವಾಗಿ, ತಣ್ಣಗಾದಾಗ ಮತ್ತೆ ಮಾತಾಡುವುದುಂಟು. ಮಧ್ಯಾಹ್ನ ಒಮ್ಮೆಗೇ ನಿಂತು, ಅರ್ಧ ಗಂಟೆ ಬಿಟ್ಟು ಏನೂ ಆಗಿಲ್ಲವೆಂಬಂತೆ ಹೊರಡುವ ಕಾರಿನಲ್ಲಿ ಇದರ ಮೇಲೆ ಅನುಮಾನ ಪಡಬೇಕು. ಹೊರಟಿತಲ್ಲ ಎಂದು ಮರೆತುಬಿಡಬಾರದು. ಮತ್ತೆ ನಿಲ್ಲುವ ಜಾಗವನ್ನು ಅದು ನಮ್ಮನ್ನು ಕೇಳಿ ಆರಿಸುವುದಿಲ್ಲ. ಮೀಟರಿನ ಬಳಿ ಕೀಲಿಯ ಅಥವಾ ಬೀಗದ ಚಿತ್ರ ಮಿನುಗುತ್ತಿದ್ದರೆ, ಗಾಡಿ ತನ್ನ ಕೀಲಿಯನ್ನೇ ಗುರುತಿಸುತ್ತಿಲ್ಲ ಎಂದು ಅರ್ಥ. ಮನೆಯಲ್ಲಿರುವ ಎರಡನೆಯ ಕೀಲಿಯನ್ನು ತರಿಸಿ ನೋಡುವುದು ಲೇಸು. ದ್ವಿಚಕ್ರಿಗಳೂ ಈ ಬದಲಾವಣೆಗೆ ಹೊರತಲ್ಲ. 2020ರ ಏಪ್ರಿಲ್ 1ರಿಂದ ಹೊಸ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಅವುಗಳಲ್ಲಿಯೂ ಕಾರ್ಬುರೇಟರು ಹೋಗಿ ಕಂಪ್ಯೂಟರು ಬಂದಿತು.

ಏನನ್ನೂ ಮಾಡದೆ ಸುಮ್ಮನಿರುವುದೇ ವಿವೇಕವೆನಿಸುವ ಸಂದರ್ಭಗಳೂ ಇವೆ. ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ಸರ್ರನೆ ತಿರುಗಿದರೆ ಟೈಮಿಂಗ್ ಬೆಲ್ಟು ಹರಿದಿರಬಹುದು. ಮತ್ತೆ ಮತ್ತೆ ತಿರುಗಿಸಿದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಸಾವಿರದ ಖರ್ಚು ಹತ್ತಾರು ಸಾವಿರವಾದೀತು. ರೇಡಿಯೇಟರು ಕುದಿಯುತ್ತಿದ್ದರೆ ಮುಚ್ಚಳಕ್ಕೆ ಕೈ ಹಚ್ಚಬಾರದು. ಪೆಟ್ರೋಲಿನ ವಾಸನೆ ಬಲವಾಗಿ ಬರುತ್ತಿದ್ದರೆ ಕೀಲಿಯನ್ನು ಮುಟ್ಟದೆ ದೂರ ನಿಲ್ಲಬೇಕು. ನೀರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವ ಪ್ರಯತ್ನವನ್ನೇ ಮಾಡಬಾರದು. ಸಿಲಿಂಡರಿಗೆ ಹೊಕ್ಕ ನೀರು ಕುಗ್ಗುವುದಿಲ್ಲ, ಬಾಗುವುದು ಎಂಜಿನ್ನಿನ ರಾಡೇ. ಎಂಜಿನ್ನಿನ ಮಾತು ಒತ್ತಟ್ಟಿಗಿರಲಿ: 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿಯ ಕೆಳಸೇತುವೆಯಲ್ಲಿ ಮಳೆಯ ನೀರು ತುಂಬಿ, ಅದರಲ್ಲಿ ಸಿಲುಕಿದ ಕಾರಿನೊಳಗಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನೀರು ಏರುತ್ತಿರುವಾಗ ಗಾಡಿಯನ್ನು ಬಿಟ್ಟು ಮೊದಲು ಹೊರಬರಬೇಕು. ಗಾಡಿಯನ್ನು ಆಮೇಲೆ ನೋಡಿಕೊಳ್ಳಬಹುದು.

ಒಂದು ಸಲಕ್ಕೆ ಒಂದನ್ನೇ ನೋಡುವುದು, ಒಂದನ್ನೇ ಬದಲಾಯಿಸುವುದು, ಬದಲಾಯಿಸಿದ ಮೇಲೆ ಪರೀಕ್ಷಿಸುವುದು. ಎಲ್ಲ ವಿಚಾರಣೆಗೂ ಇದೇ ಕ್ರಮ. ಎರಡನ್ನು ಒಟ್ಟಿಗೆ ಬದಲಾಯಿಸಿ ಗಾಡಿ ಹೊರಟರೆ ಯಾವುದರಿಂದ ಹೊರಟಿತೆಂಬುದು ತಿಳಿಯದು. ಹೊರಡದಿದ್ದರೆ ಹೊಸದೊಂದು ದೋಷವನ್ನು ನಾವೇ ಸೇರಿಸಿರಲೂಬಹುದು. ಎಲ್ಲವನ್ನೂ ನಾವೇ ಸರಿಪಡಿಸಬೇಕೆಂಬ ಹಟವೂ ಬೇಡ. ಮೆಕ್ಯಾನಿಕ್ಕಿಗೆ ಫೋನು ಮಾಡಿ, “ಗಾಡಿ ಕೆಟ್ಟಿದೆ, ಬನ್ನಿ” ಎನ್ನುವುದಕ್ಕೂ, “ಒಮ್ಮೆಗೇ ನಿಂತಿತು, ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಪಂಪಿನ ಸದ್ದಿಲ್ಲ, ಫ್ಯೂಸ್ ಸರಿಯಾಗಿದೆ” ಎನ್ನುವುದಕ್ಕೂ ಬಹಳ ಅಂತರವಿದೆ. ಎರಡನೆಯ ಮಾತು ಕೇಳಿದವನು ಬೇಕಾದ ಸಾಮಾನನ್ನು ಕೈಯಲ್ಲಿ ಹಿಡಿದೇ ಬರುತ್ತಾನೆ.

ಕೊನೆಯದಾಗಿ ಒಂದು ಮಾತು. ತ್ರಿಕೋನವಿಲ್ಲದ ಲಾರಿಯವರು ಕೆಟ್ಟ ಗಾಡಿಯ ಸುತ್ತ ರಸ್ತೆಯ ಮೇಲೆ ಕಲ್ಲುಗಳನ್ನೂ ಜಾಲಿಯ ಕೊಂಬೆಗಳನ್ನೂ ಇಡುವುದು ನಮ್ಮ ಕಡೆಯ ವಾಡಿಕೆ. ಗಾಡಿ ರಿಪೇರಿಯಾಗಿ ಹೋದ ಮೇಲೂ ಆ ಕಲ್ಲುಗಳು ಎಷ್ಟೋ ವೇಳೆ ಅಲ್ಲಿಯೇ ಉಳಿದಿರುತ್ತವೆ. ರಾತ್ರಿ ದ್ವಿಚಕ್ರದಲ್ಲಿ ಬರುವವನಿಗೆ ಅಂಥ ಒಂದು ಕಲ್ಲು ಸಾಕು. ಹಾನಗಲ್ಲಿನ ಆಚೆ ಒಮ್ಮೆ ನಾನು ಕಂಡ ಕ್ಲೀನರ್ ಹುಡುಗನೊಬ್ಬ, ಲಾರಿಯ ಎಂಜಿನ್ ಚಾಲೂ ಆಗಿ ಚಾಲಕ ಹಾರನ್ ಹೊಡೆದು ಕರೆಯುತ್ತಿದ್ದರೂ, ಏಳೂ ಕಲ್ಲುಗಳನ್ನು ಎಣಿಸಿ ಎತ್ತಿ ಚರಂಡಿಯಾಚೆಗೆ ಹಾಕಿ ಬಂದ. ರಿಪೇರಿ ಮುಗಿಯುವುದು ಎಂಜಿನ್ ಹೊತ್ತಿಕೊಂಡಾಗ ಅಲ್ಲ, ಆ ಕೊನೆಯ ಕಲ್ಲನ್ನು ಎತ್ತಿದಾಗ ಎಂದು ನಾನು ತಿಳಿಯುತ್ತೇನೆ.